ವಿಮಾನ ದುರಂತ ನಡೆದ ಊರಿನವರು ಏನು ಮಾಡಬೇಕು, ಏನು ಮಾಡಬಾರದು: ಪದೇ ಪದೇ ಕೇಳುವ ಪ್ರಶ್ನೆಗಳು

ವಿಮಾನ ಬಿದ್ದ ಊರಿಗೂ ಅದರಲ್ಲಿದ್ದವರಿಗೂ ಎಷ್ಟೋ ಸಲ ಯಾವ ನಂಟೂ ಇರುವುದಿಲ್ಲ. ಆದರೆ ಆ ದಿನದಿಂದ ಆ ಊರಿನ ಹೆಸರು ನೂರಾರು ಮನೆಗಳ ದುಃಖದ ಜೊತೆ ಸೇರಿಹೋಗುತ್ತದೆ. ಊರಿನವರ ಕೈ ಬಹಳ ಬೇಕಾಗುವುದು ಎರಡು ಹೊತ್ತಿನಲ್ಲಿ: ಮೊದಲ ಅರ್ಧ ಗಂಟೆ, ಮತ್ತೆ ಕ್ಯಾಮೆರಾದವರೆಲ್ಲ ಹೊರಟುಹೋದ ಮೇಲಿನ ತಿಂಗಳುಗಳು. ನಡುವಿನ ದಿನಗಳಲ್ಲಿ ದಾರಿ ಬಿಟ್ಟು ನಿಂತು, ಕರೆದಾಗ ಹೋಗುವುದೇ ದೊಡ್ಡ ಉಪಕಾರ. ಕೆಳಗಿನ ಉತ್ತರಗಳನ್ನು ಈ ಲೆಕ್ಕ ಇಟ್ಟುಕೊಂಡೇ ಓದಿ.

ಕಣ್ಣೆದುರೇ ವಿಮಾನ ಬಿದ್ದಿದೆ. ಮೊದಲು ಏನು ಮಾಡಬೇಕು?

ಓಡುವ ಮೊದಲು ಫೋನ್ ಮಾಡಿ. ತುರ್ತು ಸಂಖ್ಯೆಗೆ ನಾಲ್ಕು ಸಂಗತಿ ಹೇಳಿ: ಬಿದ್ದ ಜಾಗ ಮತ್ತು ಹತ್ತಿರದ ಗುರುತು, ಬೆಂಕಿ ಇದೆಯೋ ಇಲ್ಲವೋ, ಮನೆ ಅಥವಾ ಕಟ್ಟಡದ ಮೇಲೆ ಬಿದ್ದಿದೆಯೋ, ದೊಡ್ಡ ಗಾಡಿ ಬರಬಹುದಾದ ರಸ್ತೆ ಯಾವುದು. ಕೊನೆಯದನ್ನು ಬಹಳ ಮಂದಿ ಮರೆಯುತ್ತಾರೆ. ನೀರು ತುಂಬಿದ ದೊಡ್ಡ ಅಗ್ನಿಶಾಮಕ ವಾಹನ ಹತ್ತಾರು ಟನ್ ತೂಗುತ್ತದೆ. ಕಿರಿದಾದ ಸೇತುವೆ, ತಗ್ಗಿನಲ್ಲಿ ಜೋತುಬಿದ್ದ ತಂತಿ, ಬೀಗ ಹಾಕಿದ ಗೇಟು, ಇಷ್ಟೇ ಸಾಕು ಅದನ್ನು ಹತ್ತು ನಿಮಿಷ ನಿಲ್ಲಿಸುವುದಕ್ಕೆ. ಆ ಗೇಟಿನ ಕೀಲಿ ಯಾರ ಮನೆಯಲ್ಲಿದೆ ಎಂಬುದು ಊರಿನವರಿಗಷ್ಟೇ ಗೊತ್ತಿರುತ್ತದೆ.

ವಿಮಾನ ನಿಲ್ದಾಣದ ಅಗ್ನಿಶಾಮಕ ದಳ ರನ್‌ವೇಯ ಯಾವ ಮೂಲೆಗಾದರೂ 3 ನಿಮಿಷದೊಳಗೆ ತಲುಪಬೇಕು ಎಂದು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ನಿಯಮ ಹೇಳುತ್ತದೆ. ವಿಮಾನ ಬೇಲಿಯ ಆಚೆ ಬಿದ್ದರೆ ಈ ಲೆಕ್ಕ ನಡೆಯುವುದಿಲ್ಲ. ಅಕ್ಕಪಕ್ಕದವರೇ ಮೊದಲು ತಲುಪುತ್ತಾರೆ. 2020ರ ಆಗಸ್ಟ್ 7ರ ರಾತ್ರಿ ಕೋಯಿಕ್ಕೋಡ್‌ನಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ರನ್‌ವೇ ದಾಟಿ ಕೆಳಗೆ ಬಿದ್ದಾಗ ಅದರಲ್ಲಿ 190 ಮಂದಿ ಇದ್ದರು. ಕೊರೊನಾ ಕಾಲ, ಸುರಿಯುವ ಮಳೆ. ಸುತ್ತಲಿನ ಜನ ತಮ್ಮ ಕಾರು, ಆಟೋಗಳಲ್ಲೇ ಗಾಯಾಳುಗಳನ್ನು ಸಾಗಿಸಿ, ಆಮೇಲೆ ತಾವೇ ಕ್ವಾರಂಟೈನ್‌ಗೆ ಹೋದರು. 21 ಮಂದಿ ತೀರಿಕೊಂಡರು, ಉಳಿದವರು ಬದುಕಿದರು.

ಹತ್ತಿರ ಹೋಗುವುದು ಎಷ್ಟು ಅಪಾಯ?

ಬದುಕಿರುವವರು ಕಣ್ಣಿಗೆ ಕಾಣುತ್ತಿದ್ದರೆ, ಕೂಗು ಕೇಳುತ್ತಿದ್ದರೆ ಜನ ಹೋಗಿಯೇ ಹೋಗುತ್ತಾರೆ. ಬೇಡ ಎನ್ನುವುದರಲ್ಲಿ ಅರ್ಥವಿಲ್ಲ. ಆದರೆ ಗಾಳಿ ನಿಮ್ಮ ಬೆನ್ನಿಗೆ ಬೀಸುವ ಕಡೆಯಿಂದ ಹೋಗಿ, ಹೊಗೆ ನಿಮ್ಮತ್ತ ತಿರುಗಿದರೆ ಹಿಂದೆ ಸರಿಯಿರಿ. ವಿಮಾನದ ಇಂಧನ ಸೀಮೆಎಣ್ಣೆಯ ಜಾತಿಯದು. ಚೆಲ್ಲಿ ಹರಿದು ತಗ್ಗಿನಲ್ಲಿ, ಚರಂಡಿಯಲ್ಲಿ ನಿಲ್ಲುತ್ತದೆ. ಬೆಂಕಿ ಆರಿದಂತೆ ಕಂಡರೂ ಮತ್ತೆ ಹತ್ತಿಕೊಳ್ಳಬಹುದು. ಬೀಡಿ, ಸಿಗರೇಟು, ಚಾಲೂ ಇರುವ ಬೈಕು ಯಾವುದೂ ಹತ್ತಿರ ಬೇಡ.

ಕಣ್ಣಿಗೆ ಕಾಣದ ಅಪಾಯಗಳೇ ಹೆಚ್ಚು. ಚಕ್ರದ ಗಾಳಿಯ ಒತ್ತಡ ಕಾರಿನದ್ದಕ್ಕಿಂತ ಐದಾರು ಪಟ್ಟು ಹೆಚ್ಚು. ಬೆಂಕಿಯಲ್ಲಿ ಕಾದ ಚಕ್ರ ಸಿಡಿದರೆ ರಿಮ್ಮಿನ ಚೂರು ಪಕ್ಕಕ್ಕೆ ಹಾರುತ್ತದೆ. ಹೋಗಲೇಬೇಕಾದರೆ ಚಕ್ರದ ಮುಂದಿನಿಂದಲೋ ಹಿಂದಿನಿಂದಲೋ ಹೋಗಿ, ಅಕ್ಕಪಕ್ಕದಿಂದ ಬೇಡ. ಆಕ್ಸಿಜನ್ ಸಿಲಿಂಡರ್, ಬಿಚ್ಚಿಕೊಳ್ಳದ ತುರ್ತು ಜಾರುಬಂಡೆಯ ಗ್ಯಾಸ್ ಬಾಟಲಿ, ಬ್ಯಾಟರಿ, ಕಣ್ಣು ಮತ್ತು ಚರ್ಮವನ್ನು ಉರಿಸುವ ಹೈಡ್ರಾಲಿಕ್ ಎಣ್ಣೆ, ಇವೆಲ್ಲ ಅಲ್ಲೇ ಇರುತ್ತವೆ. ಬೋಯಿಂಗ್ 787, ಏರ್‌ಬಸ್ ಎ350 ಬಗೆಯ ಹೊಸ ವಿಮಾನಗಳ ತೂಕದಲ್ಲಿ ಸುಮಾರು ಅರ್ಧ ಕಾರ್ಬನ್ ಫೈಬರ್ ಬೆರೆತ ವಸ್ತು. ಅದು ಸುಟ್ಟು ಮುರಿದರೆ ಮುಳ್ಳಿನಂಥ ಸೀಳುಗಳೂ ಶ್ವಾಸಕೋಶಕ್ಕೆ ಇಳಿಯುವ ಪುಡಿಯೂ ಉಳಿಯುತ್ತವೆ. ಮೂಗಿಗೆ ಕಟ್ಟಿದ ಕರವಸ್ತ್ರ ಇದಕ್ಕೆ ಸಾಲದು, ಎನ್95 ಮಾಸ್ಕ್ ಆದರೂ ಬೇಕು. ದಪ್ಪ ಅಡಿಯ ಬೂಟು, ಒಳಗೆ ರಬ್ಬರ್ ಗ್ಲೌಸ್, ಮೇಲೆ ಚರ್ಮದ ಗ್ಲೌಸ್ ಹಾಕಿಕೊಳ್ಳಿ.

ಅಗ್ನಿಶಾಮಕದವರು ಬಂದು ಹೊರಗೆ ಹೋಗಿ ಎಂದ ಕೂಡಲೇ ಹೊರಗೆ ಬಂದುಬಿಡಿ. ನೀವು ಯಾವ ಕಡೆ ಯಾರನ್ನು ನೋಡಿದಿರಿ, ಯಾರನ್ನು ಎಲ್ಲಿಂದ ತೆಗೆದಿರಿ ಎಂದು ಅವರ ಮುಖ್ಯಸ್ಥರಿಗೆ ಎರಡೇ ಮಾತಿನಲ್ಲಿ ಹೇಳಿ ಹೊರಡಿ.

ಗಾಯಾಳುಗಳನ್ನು ನಮ್ಮ ಗಾಡಿಯಲ್ಲೇ ಸಾಗಿಸಬಹುದೇ?

ಆಂಬುಲೆನ್ಸ್ ಬಂದಿಲ್ಲ, ಬೆಂಕಿ ಹತ್ತಿರದಲ್ಲಿದೆ ಎಂದಾದರೆ ಬೇರೆ ದಾರಿಯಿಲ್ಲ. ಆಗ ಮಾಡಲೇಬೇಕಾದ ಕೆಲಸ ಬರೆದಿಡುವುದು. ರಸ್ತೆಗೆ ಗಾಡಿಗಳು ಹೊರಡುವ ಜಾಗದಲ್ಲಿ ಒಬ್ಬರು ನೋಟ್‌ಬುಕ್ ಹಿಡಿದು ನಿಲ್ಲಲಿ. ಗಾಡಿಯ ನಂಬರು, ಹೊರಟ ಹೊತ್ತು, ಎಷ್ಟು ಜನ, ಯಾವ ಆಸ್ಪತ್ರೆ, ಗೊತ್ತಾದರೆ ಹೆಸರು ಅಥವಾ ಸೀಟಿನ ನಂಬರು. ಹೆಸರು ಹೇಳಲಾಗದವರ ಉಡುಪು, ಅಂದಾಜು ವಯಸ್ಸು. ನೋಟ್‌ಬುಕ್ ಇಲ್ಲದಿದ್ದರೆ ಫೋನಿನಲ್ಲೇ ಪ್ರತಿ ಗಾಡಿಯ ನಂಬರ್ ಪ್ಲೇಟಿನ ಫೋಟೊ ತೆಗೆದರೂ ಸಾಕು. ಈ ಒಂದು ಪುಟ ಇಲ್ಲದೆ ಮನೆಯವರು ಎರಡು ದಿನ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯಬೇಕಾಗುತ್ತದೆ.

ಎಲ್ಲರನ್ನೂ ಹತ್ತಿರದ ಆಸ್ಪತ್ರೆಗೇ ಒಯ್ಯುವುದು ಸಾಮಾನ್ಯ ತಪ್ಪು. ನಡೆಯಬಲ್ಲವರು ಮೊದಲು ಹೊರಟು ಹಾಸಿಗೆಗಳನ್ನು ತುಂಬುತ್ತಾರೆ. ಜೀವ ಹೋಗುವ ಸ್ಥಿತಿಯಲ್ಲಿರುವವರನ್ನು ಹೊರತೆಗೆಯುವುದು ತಡವಾಗುತ್ತದೆ, ಅವರು ಬರುವಾಗ ಜಾಗವಿರುವುದಿಲ್ಲ. ನಡೆಯಬಲ್ಲವರನ್ನು ಒಂದು ಶಾಲೆಯಲ್ಲೋ ಸಭಾಂಗಣದಲ್ಲೋ ಕೂರಿಸಿ, ಅಲ್ಲಿಗೇ ವೈದ್ಯರನ್ನು ಕರೆಸುವುದು ಒಳ್ಳೆಯದು. ಅವರ ಮೇಲೂ ಕಣ್ಣಿರಲಿ: ಹೊಟ್ಟೆಯೊಳಗಿನ ಗಾಯ, ಹೊಗೆಯಿಂದ ಗಂಟಲು ಊದಿಕೊಳ್ಳುವುದು ಗಂಟೆಗಳ ಮೇಲೆ ತೋರುತ್ತದೆ. ದನಿ ಒಡೆದಿದ್ದರೆ, ಮೂಗಿನ ಕೂದಲು ಸುಟ್ಟಿದ್ದರೆ ತಕ್ಷಣ ಕಳಿಸಿ.

ರಕ್ತ ಸುರಿಯುತ್ತಿದ್ದರೆ ಬಟ್ಟೆಯಿಟ್ಟು ಗಟ್ಟಿಯಾಗಿ ಒತ್ತಿ ಹಿಡಿಯಿರಿ, ನಡುವೆ ತೆಗೆದು ನೋಡಬೇಡಿ. ಸುಟ್ಟ ಜಾಗಕ್ಕೆ ಹರಿಯುವ ತಣ್ಣೀರು 20 ನಿಮಿಷ. ಐಸ್, ಎಣ್ಣೆ, ಪೇಸ್ಟ್ ಬೇಡ. ಬೆಂಕಿಯ ಭಯವಿಲ್ಲದಿದ್ದರೆ ಕುತ್ತಿಗೆ, ಬೆನ್ನಿಗೆ ಪೆಟ್ಟಾದವರನ್ನು ಅಲುಗಿಸಬೇಡಿ.

ವಿಮಾನ ಸಮುದ್ರಕ್ಕೆ ಬಿದ್ದರೆ ಮೀನುಗಾರರು ಹೋಗಬಹುದೇ?

1998ರ ಸೆಪ್ಟೆಂಬರ್ 2ರ ರಾತ್ರಿ ಕೆನಡಾದ ಪೆಗ್ಗೀಸ್ ಕೋವ್ ಬಳಿ ಸ್ವಿಸ್‌ಏರ್ 111 ಬಿದ್ದಾಗ ಅಕ್ಕಪಕ್ಕದ ಮೀನುಗಾರರು ಕತ್ತಲಲ್ಲೇ ದೋಣಿ ಇಳಿಸಿದರು. 229 ಮಂದಿಯಲ್ಲಿ ಯಾರೂ ಉಳಿದಿರಲಿಲ್ಲ. ಹೋಗುವವರು ಕರಾವಳಿ ಕಾವಲು ಪಡೆಯ ರೇಡಿಯೋ ಚಾನೆಲ್‌ನಲ್ಲೇ ಇರಬೇಕು, ಸಿಕ್ಕ ಪ್ರತಿಯೊಂದರ ಜಿಪಿಎಸ್ ಗುರುತು ಮತ್ತು ಹೊತ್ತು ಬರೆಯಬೇಕು. ಅಲೆ ಮತ್ತು ಗಾಳಿಯ ಲೆಕ್ಕ ಹಾಕಿ ಉಳಿದದ್ದನ್ನು ಹುಡುಕುವುದು ಆ ಅಂಕಿಗಳಿಂದಲೇ. ಜೀವ ಹೋದವರು ಮೊದಲು ಸಿಕ್ಕರೆ ಜಾಗ ಗುರುತಿಟ್ಟು, ಬದುಕಿರುವವರ ಹುಡುಕಾಟ ಮುಂದುವರಿಸಿ.

ರಕ್ತ ಕೊಡಲು ಈಗಲೇ ಆಸ್ಪತ್ರೆಗೆ ಹೋಗೋಣವೇ?

ಆ ರಾತ್ರಿ ಗಾಯಾಳುಗಳಿಗೆ ಏರಿಸುವುದು ಹಿಂದಿನ ವಾರ ಯಾರೋ ಕೊಟ್ಟ ರಕ್ತ. ಇವತ್ತು ಕೊಟ್ಟದ್ದನ್ನು ಪರೀಕ್ಷಿಸಿ, ಬೇರ್ಪಡಿಸಿ ಬಳಸುವುದಕ್ಕೆ ಹೊತ್ತು ಹಿಡಿಯುತ್ತದೆ. ರಕ್ತನಿಧಿ ಕರೆ ಕೊಟ್ಟರೆ ಹೋಗಿ. ಇಲ್ಲದಿದ್ದರೆ ಹೆಸರು, ಗುಂಪು ಬರೆಸಿ ಮನೆಗೆ ಬನ್ನಿ. ಕೆಂಪು ರಕ್ತಕಣ ಸುಮಾರು 42 ದಿನ ಉಳಿಯುತ್ತದೆ, ಪ್ಲೇಟ್‌ಲೆಟ್ ಐದರಿಂದ ಏಳು ದಿನ ಮಾತ್ರ. ಊರಿನವರೆಲ್ಲ ಒಂದೇ ದಿನ ಕೊಟ್ಟುಬಿಟ್ಟರೆ ಮತ್ತೆ ಕೊಡಲು ಎರಡರಿಂದ ನಾಲ್ಕು ತಿಂಗಳು ಕಾಯಬೇಕು. ಸುಟ್ಟಗಾಯದವರಿಗೆ ಮೂರನೇ ವಾರದಲ್ಲೂ ಶಸ್ತ್ರಚಿಕಿತ್ಸೆ ನಡೆಯುತ್ತಿರುತ್ತದೆ, ಆಗ ಕೊಡುವವರು ಇರುವುದಿಲ್ಲ. ವಾರಕ್ಕಿಷ್ಟು ಮಂದಿ ಎಂದು ಸರದಿ ಹಾಕಿಕೊಳ್ಳಿ.

ನಾನು ವೀಡಿಯೊ ತೆಗೆದಿದ್ದೇನೆ. ಏನು ಮಾಡಲಿ?

ತನಿಖೆಗೆ ಅದು ಚಿನ್ನ. ಮೂಲ ಫೈಲನ್ನು ಅಳಿಸಬೇಡಿ, ಕತ್ತರಿಸಬೇಡಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಅದು ಕುಗ್ಗುತ್ತದೆ, ಹೊತ್ತು ಮತ್ತು ಜಾಗದ ಗುರುತು ಅಳಿಸಿಹೋಗುತ್ತದೆ. ಫೋನಿನಿಂದ ನೇರವಾಗಿ ಕಾಪಿ ಮಾಡಿ ಕೊಡಿ. ನೀವು ನಿಂತಿದ್ದ ಜಾಗವನ್ನು ನೆನಪಿಟ್ಟು ಬರೆಯಿರಿ. ಕಂಡದ್ದನ್ನು ಬೇರೆಯವರ ಜೊತೆ ಮಾತಾಡುವ ಮೊದಲೇ ಬರೆದರೆ ಇನ್ನೂ ಒಳ್ಳೆಯದು. ನಾಲ್ಕು ಜನ ಕೂತು ಮಾತಾಡಿದ ಮೇಲೆ ನಾಲ್ವರ ನೆನಪೂ ಒಂದೇ ಆಗಿಬಿಡುತ್ತದೆ.

ಗಾಯಾಳುಗಳ, ಶವಗಳ ಚಿತ್ರ ಹರಿಬಿಡಬೇಡಿ. ತಂಗಿ ಉಟ್ಟ ಸೀರೆಯ ಅಂಚನ್ನು ಅಣ್ಣ ಫೋನಿನಲ್ಲಿ ನೋಡಿ ಸಾವಿನ ಸುದ್ದಿ ತಿಳಿಯುವಂತಾಗಬಾರದು. ಡ್ರೋನ್ ಹಾರಿಸಬೇಡಿ, ಹೆಲಿಕಾಪ್ಟರ್ ಇಳಿಯಲಾಗದೆ ಹಿಂದಿರುಗಬೇಕಾಗುತ್ತದೆ.

ನಮ್ಮ ಹೊಲದಲ್ಲಿ, ಚಾವಣಿ ಮೇಲೆ ಚೂರುಗಳು ಬಿದ್ದಿವೆ. ಎತ್ತಿಡಬಹುದೇ?

ಬೇಡ. ಎಲ್ಲಿ, ಯಾವ ದಿಕ್ಕಿಗೆ ಬಿದ್ದಿದೆ ಎಂಬುದೇ ಸಾಕ್ಷ್ಯ. ದೂರದಿಂದ ಒಂದು, ಹತ್ತಿರದಿಂದ ಒಂದು ಫೋಟೊ ತೆಗೆದು, ಪಕ್ಕದಲ್ಲಿ ಕೋಲು ನೆಟ್ಟು ಬಟ್ಟೆ ಕಟ್ಟಿ, ಪೊಲೀಸರಿಗೆ ತಿಳಿಸಿ. ದನ, ನಾಯಿ, ಮಕ್ಕಳು ಆ ಕಡೆ ಹೋಗದಂತೆ ನೋಡಿಕೊಳ್ಳಿ. ಬ್ಲ್ಯಾಕ್ ಬಾಕ್ಸ್ ಎನ್ನುವುದು ಕಪ್ಪಗಿರುವುದಿಲ್ಲ, ಗಾಢ ಕಿತ್ತಳೆ ಬಣ್ಣದ್ದು. ಕಂಡರೆ ಕಾವಲಿಗೆ ನಿಂತು ತಿಳಿಸಿ.

ಚೂರುಗಳು ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಸ್ಕಾಟ್ಲೆಂಡಿನ ಲಾಕರ್‌ಬಿ ಸಾಕ್ಷಿ. 1988ರ ಡಿಸೆಂಬರ್ 21ರಂದು ಪ್ಯಾನ್ ಆ್ಯಮ್ 103 ಆಕಾಶದಲ್ಲೇ ಸ್ಫೋಟಗೊಂಡು, ಅವಶೇಷಗಳು 2,000 ಚದರ ಕಿಲೋಮೀಟರಿಗೂ ಹೆಚ್ಚಿನ ಜಾಗದಲ್ಲಿ ಹರಡಿದ್ದವು. ಸಾವಿರಾರು ಜನ ಸಾಲಾಗಿ ನಡೆದು ಹುಡುಕಿದರು. ಬಾಂಬಿನ ಜಾಡು ಹಿಡಿದುಕೊಟ್ಟದ್ದು ಉಗುರಿನಷ್ಟು ಅಗಲದ ಸರ್ಕ್ಯೂಟ್ ಚೂರು.

ನೆನಪಿಗೆಂದು ಯಾರಾದರೂ ಏನಾದರೂ ಒಯ್ದಿದ್ದರೆ ಬೈಯದೆ ವಾಪಸು ತರಿಸಿ. ಹೆಸರು ಕೇಳದೆ ತಂದಿಡಲು ಒಂದು ಜಾಗ, ಒಂದು ವಾರದ ಗಡುವು ಕೊಟ್ಟರೆ ಬಹುಪಾಲು ಬರುತ್ತದೆ.

ಮನೆಯವರು ನೋಡಿ ಗುರುತು ಹಿಡಿಯಬಹುದಲ್ಲ, ಡಿಎನ್‌ಎ ಎಂದು ಯಾಕೆ ದಿನಗಟ್ಟಲೆ ಕಾಯಿಸುತ್ತಾರೆ?

ಅತಿ ಹೆಚ್ಚು ಸಿಟ್ಟು ಬರುವುದು ಈ ಪ್ರಶ್ನೆಗೇ. ಸಿಟ್ಟು ನ್ಯಾಯವಾದದ್ದು. ಆದರೂ ಕಾಯುವುದೇ ಸರಿ.

ಬೆಂಕಿಯಲ್ಲಿ ಸಿಲುಕಿದ ದೇಹ ಕುಗ್ಗುತ್ತದೆ, ಎತ್ತರ ಬದಲಾಗುತ್ತದೆ, ಮುಖ ಗುರುತು ಸಿಗದಂತಾಗುತ್ತದೆ. ಕಳೆದುಕೊಂಡವರ ಕಣ್ಣು ತನಗೆ ಬೇಕಾದದ್ದನ್ನೇ ಕಾಣುತ್ತದೆ. ಒಂದು ಉಂಗುರ, ಒಂದು ಶರ್ಟಿನ ಬಣ್ಣ ಸಾಕಾಗುತ್ತದೆ ಇದು ನಮ್ಮವರೇ ಎನ್ನುವುದಕ್ಕೆ. 2010ರ ಮೇ 22ರಂದು ಮಂಗಳೂರಿನಲ್ಲಿ 158 ಮಂದಿ ತೀರಿಕೊಂಡಾಗ ಬಹಳಷ್ಟು ಶವಗಳನ್ನು ಮನೆಯವರು ನೋಡಿ ಗುರುತಿಸಿ ಒಯ್ದರು. ಉಳಿದವುಗಳ ಡಿಎನ್‌ಎ ಪರೀಕ್ಷೆ ಮಾಡಿದಾಗ, ಇನ್ನೂ ಕಾಯುತ್ತಿದ್ದ ಕೆಲವು ಮನೆಗಳವರ ಜೊತೆ ಅವು ಹೊಂದಲೇ ಇಲ್ಲ. ಕೊನೆಗೂ ಗುರುತು ಸಿಗದ 12 ಶವಗಳನ್ನು ಒಟ್ಟಿಗೆ ಮಣ್ಣು ಮಾಡಬೇಕಾಯಿತು. ಒಂದು ಮನೆಯವರ ತಪ್ಪು ಗುರುತು ಒಂದೇ ತಪ್ಪಾಗಿ ಉಳಿಯುವುದಿಲ್ಲ, ಇನ್ನೊಂದು ಮನೆಯವರ ಕೈಯನ್ನು ಬರಿದು ಮಾಡುತ್ತದೆ.

ಅದಕ್ಕೇ ಇಂಟರ್‌ಪೋಲ್ ಕ್ರಮದಲ್ಲಿ ಮೂರಕ್ಕೆ ಮಾತ್ರ ಮೊದಲ ದರ್ಜೆ: ಬೆರಳಚ್ಚು, ಹಲ್ಲು, ಡಿಎನ್‌ಎ. ಬಟ್ಟೆ, ಒಡವೆ, ಮಚ್ಚೆ, ಹಚ್ಚೆ ಇವೆಲ್ಲ ಜೊತೆಗಿರುವ ಸಾಕ್ಷ್ಯ. ಒಂದು ತಂಡ ದೇಹದ ವಿವರ ಬರೆಯುತ್ತದೆ, ಇನ್ನೊಂದು ತಂಡ ಮನೆಯವರಿಂದ ವಿವರ ಪಡೆಯುತ್ತದೆ, ಮೂರನೆಯದು ಎರಡನ್ನೂ ಹೋಲಿಸಿ ಸಹಿ ಹಾಕುತ್ತದೆ. 2025ರ ಜೂನ್ 12ರ ಅಹಮದಾಬಾದ್ ದುರಂತದಲ್ಲಿ ವಿಮಾನದಲ್ಲಿದ್ದ 241 ಮತ್ತು ನೆಲದ ಮೇಲಿದ್ದ 19, ಒಟ್ಟು 260 ಮಂದಿಯ ಗುರುತು ಪೂರ್ತಿಯಾಗಲು ಎರಡು ವಾರಕ್ಕೂ ಹೆಚ್ಚು ಹಿಡಿಯಿತು.

ಶವಗಳಿಂದ ರೋಗ ಹರಡುತ್ತದೆ, ಬೇಗ ಮಣ್ಣು ಮಾಡಿ ಎಂದು ಒತ್ತಾಯ ಬರುವುದುಂಟು. ಗಾಯದಿಂದ ಸತ್ತವರ ದೇಹದಿಂದ ಸಾಂಕ್ರಾಮಿಕ ಹಬ್ಬುವುದಿಲ್ಲ. ಆ ಮಾತಿಗೆ ಮಣಿಯಬೇಡಿ.

ಗುರುತು ಪತ್ತೆಗೆ ಮನೆಯವರು ಏನೇನು ತರಬೇಕು?

ತಂದೆ, ತಾಯಿ, ಮಕ್ಕಳು ಬರುವುದು ಎಲ್ಲಕ್ಕಿಂತ ಒಳ್ಳೆಯದು. ಕೆನ್ನೆಯ ಒಳಭಾಗವನ್ನು ಹತ್ತಿಕಡ್ಡಿಯಿಂದ ಒರೆಸಿ ತೆಗೆದುಕೊಳ್ಳುತ್ತಾರೆ. ಅವರಿಲ್ಲದಿದ್ದರೆ ಒಡಹುಟ್ಟಿದವರು, ಒಬ್ಬರಿಗಿಂತ ಇಬ್ಬರು ಮೂವರು ಇದ್ದರೆ ಫಲಿತಾಂಶ ಗಟ್ಟಿ. ಗಂಡ ಅಥವಾ ಹೆಂಡತಿಯ ಮಾದರಿ ನೇರವಾಗಿ ಹೊಂದುವುದಿಲ್ಲ, ಮಕ್ಕಳ ಮಾದರಿಯ ಜೊತೆ ಸೇರಿಸಿದರೆ ಉಪಯೋಗ. ದತ್ತು ಮಗುವಾಗಿದ್ದರೆ ಅದನ್ನು ಒಬ್ಬ ಅಧಿಕಾರಿಯ ಬಳಿ ಗುಟ್ಟಾಗಿ ಹೇಳಿಬಿಡಿ. ಮುಚ್ಚಿಟ್ಟರೆ ಹೋಲಿಕೆ ತಪ್ಪುತ್ತದೆ.

ಮನೆಯಿಂದ ತರುವುದು ಹಲ್ಲುಜ್ಜುವ ಬ್ರಷ್, ಬಾಚಣಿಗೆ, ರೇಜರ್. ಬ್ರಷ್ ಒದ್ದೆಯಾಗಿದ್ದರೆ ನೆರಳಲ್ಲಿ ಒಣಗಲು ಬಿಡಿ, ತೊಳೆಯಬೇಡಿ. ಆಮೇಲೆ ಕಾಗದದ ಲಕೋಟೆಗೆ ಹಾಕಿ, ಮೇಲೆ ಹೆಸರು ಬರೆದು, ಬಳಸುತ್ತಿದ್ದವರು ಅವರೊಬ್ಬರೇ ಎಂದು ನಮೂದಿಸಿ. ಪ್ಲಾಸ್ಟಿಕ್ ಚೀಲದಲ್ಲಿ ಒದ್ದೆ ಬ್ರಷ್ ಬೂಸ್ಟು ಹಿಡಿದು ಮಾದರಿ ಕೆಡುತ್ತದೆ. ಒಂದು ವಸ್ತುವಿಗೆ ಒಂದು ಲಕೋಟೆ. ಹಲ್ಲಿನ ಡಾಕ್ಟರ ಹೆಸರು, ಎಕ್ಸ್‌ರೇ, ಮೂಳೆಗೆ ಹಾಕಿದ ಪ್ಲೇಟಿನ ದಾಖಲೆ, ಹಲ್ಲು ಕಾಣುವ ಹಾಗೆ ನಕ್ಕ ಒಂದು ಫೋಟೊ ತನ್ನಿ. ಆ ನಗುವಿನ ಫೋಟೊದಲ್ಲಿ ಮುಂದಿನ ಹಲ್ಲಿನ ಸಂದು ಎದ್ದು ಕಂಡರೆ ದಂತವೈದ್ಯರಿಗೆ ಅದೇ ದಾರಿ ತೋರಿಸುತ್ತದೆ.

ಇನ್ನೊಂದು ಪ್ರಶ್ನೆ ಕೇಳುತ್ತಾರೆ, ಸಿದ್ಧರಾಗಿರಿ: ಮುಂದೆ ದೇಹದ ಇನ್ನಷ್ಟು ಭಾಗ ಗುರುತಾದರೆ ಪ್ರತಿ ಸಲ ತಿಳಿಸಬೇಕೇ, ಎಲ್ಲ ಮುಗಿದ ಮೇಲೆ ಒಂದೇ ಸಲವೇ, ತಿಳಿಸುವುದೇ ಬೇಡವೇ? ಮೂರೂ ಸರಿಯಾದ ಉತ್ತರಗಳೇ. ಆ ಹೊತ್ತಿಗೇ ಹೇಳಲಾಗದಿದ್ದರೆ ಕಾಲಾವಕಾಶ ಕೇಳಿ.

ಕುಟುಂಬದವರಿಗಾಗಿ ನಮ್ಮ ಸಭಾಂಗಣ ಕೊಟ್ಟಿದ್ದೇವೆ. ಅಲ್ಲಿ ಏನಿರಬೇಕು?

ಬಾಗಿಲು ಎರಡಿರಲಿ: ಒಂದು ಕುಟುಂಬದವರಿಗೆ, ಒಂದು ಕೆಲಸದವರಿಗೆ. ಮಾಧ್ಯಮದವರ ಜಾಗ ಬೇರೆಯೇ ಕಟ್ಟಡದಲ್ಲಿ, ಕಿಟಕಿಯಿಂದಲೂ ಕಾಣದಷ್ಟು ದೂರ. ಬಾಗಿಲಲ್ಲಿ ಹೆಸರು ಬರೆದು ಗುರುತುಪಟ್ಟಿ ಕೊಡುವ ಮೇಜು ಮೊದಲ ದಿನದಿಂದಲೇ ಬೇಕು, ಇಲ್ಲದಿದ್ದರೆ ನೆಂಟರ ವೇಷದಲ್ಲಿ ವರದಿಗಾರರೂ ವಕೀಲರ ಏಜೆಂಟರೂ ಒಳಗೆ ಬರುತ್ತಾರೆ. ಅಮೆರಿಕದಲ್ಲಂತೂ ಅಪಘಾತವಾಗಿ 45 ದಿನದೊಳಗೆ ಕರೆಯದೆ ವಕೀಲರು ಕುಟುಂಬದವರನ್ನು ಸಂಪರ್ಕಿಸುವುದನ್ನು ಕಾನೂನೇ ತಡೆದಿದೆ.

ಎಲ್ಲರೂ ಕೂರುವ ಒಂದು ದೊಡ್ಡ ಕೋಣೆ, ಸುದ್ದಿ ತಿಳಿಸಲು ಬಾಗಿಲು ಹಾಕುವಂಥ ಮೂರು ನಾಲ್ಕು ಸಣ್ಣ ಕೋಣೆ, ಪ್ರಾರ್ಥನೆಗೆ ಯಾವ ಧರ್ಮದ ಚಿಹ್ನೆಯೂ ಇಲ್ಲದ ಒಂದು ಕೋಣೆ, ಮಕ್ಕಳನ್ನು ನೋಡಿಕೊಳ್ಳುವ ಜಾಗ, ಮಲಗಲು ಹಾಸಿಗೆ, ಸಾಕಷ್ಟು ಶೌಚಾಲಯ, ಬೇರೆ ಬೇರೆ ಫೋನಿನ ಚಾರ್ಜರ್, ಭಾಷೆ ಬಲ್ಲವರು. ಟಿವಿ ಬೇಡ. ಬದುಕುಳಿದವರ ಮನೆಯವರನ್ನೂ ಕಳೆದುಕೊಂಡವರನ್ನೂ ಒಂದೇ ಕೋಣೆಯಲ್ಲಿ ಕೂರಿಸಬೇಡಿ. 2024ರ ಡಿಸೆಂಬರ್ 29ರಂದು ದಕ್ಷಿಣ ಕೊರಿಯಾದ ಮುವಾನ್‌ನಲ್ಲಿ 179 ಮಂದಿ ತೀರಿಕೊಂಡಾಗ ಕುಟುಂಬಗಳು ವಿಮಾನ ನಿಲ್ದಾಣದೊಳಗೇ ಸಾಲು ಡೇರೆಗಳಲ್ಲಿ ದಿನಗಟ್ಟಲೆ ಉಳಿದವು. ಅಂಥ ಕಡೆ ಬಟ್ಟೆಯ ಒಂದು ಗೋಡೆಯೂ ಎಷ್ಟೋ ಮರ್ಯಾದೆ ಉಳಿಸುತ್ತದೆ.

ದಿನಕ್ಕೆ ಎರಡು ಸಲ, ಹೇಳಿದ ಹೊತ್ತಿಗೇ ಮಾಹಿತಿ ಕೊಡಬೇಕು. ಹೊಸದೇನೂ ಇಲ್ಲದಿದ್ದರೂ ಬಂದು ‘ಹೊಸದಿಲ್ಲ’ ಎಂದು ಹೇಳಬೇಕು. ಬರಲಾಗದ ಊರುಗಳಲ್ಲಿರುವವರಿಗೆ ಅದೇ ಹೊತ್ತಿಗೆ ಫೋನ್ ಲೈನ್. ಮಾಧ್ಯಮಕ್ಕೆ ಹೋಗುವ ಪ್ರತಿಯೊಂದು ಮಾತೂ ಮೊದಲು ಈ ಕೋಣೆಗೆ ಬರಬೇಕು. ಈ ಒಂದು ನಿಯಮ ಮುರಿದರೆ ಆಮೇಲೆ ಏನು ಹೇಳಿದರೂ ಅವರು ನಂಬುವುದಿಲ್ಲ.

ಅವರ ಜೊತೆ ಏನು ಮಾತಾಡಬೇಕು?

ಕಡಿಮೆ. ನಿಮ್ಮ ಹೆಸರು ಹೇಳಿ, ಪಕ್ಕದಲ್ಲಿ ಕೂತು, ಈಗ ಏನು ಬೇಕು ಎಂದು ಕೇಳಿ. ‘ದೇವರ ಇಚ್ಛೆ’, ‘ಹಣೆಬರಹ’, ‘ನೋವಿಲ್ಲದೆ ಹೋದರು’, ‘ನಿಮ್ಮ ಸಂಕಟ ಅರ್ಥವಾಗುತ್ತದೆ’ ಬೇಡ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎನ್ನಿ, ಕೇಳಿಕೊಂಡು ಬರುತ್ತೇನೆ ಎಂದರೆ ಬಂದೇ ಬನ್ನಿ. ನಡೆದದ್ದನ್ನು ಹೇಳಿಸಿಕೊಳ್ಳಲು ಒತ್ತಾಯ ಮಾಡಬೇಡಿ. ಒಂದೇ ಸಲ ಕೂರಿಸಿ ಎಲ್ಲ ಹೊರಹಾಕಿಸುವ ಪದ್ಧತಿಯನ್ನು ವಿಶ್ವ ಆರೋಗ್ಯ ಸಂಸ್ಥೆಯೂ ಬೇಡವೆನ್ನುತ್ತದೆ.

ಸಾವಿನ ಸುದ್ದಿ ಹೇಳುವುದು ತರಬೇತಾದ ಇಬ್ಬರ ಕೆಲಸ. ಎದುರೆದುರು ಕೂತು, ‘ತೀರಿಕೊಂಡಿದ್ದಾರೆ’ ಎಂದು ಸ್ಪಷ್ಟವಾಗಿ ಹೇಳುತ್ತಾರೆ. ‘ಇನ್ನಿಲ್ಲವಂತೆ’, ‘ಸಿಗಲಿಲ್ಲ’ ಎಂದರೆ ಕೇಳುವವರು ಇನ್ನೂ ಆಸೆ ಇಟ್ಟುಕೊಳ್ಳುತ್ತಾರೆ.

ಸತ್ತವರ ಬಟ್ಟೆ, ಸಾಮಾನು ಏನಾಗುತ್ತದೆ?

ಹೆಸರು ಗೊತ್ತಾದವು ಮನೆಯವರಿಗೆ ಹೋಗುತ್ತವೆ. ಯಾರದೆಂದು ತಿಳಿಯದವನ್ನು ಫೋಟೊ ತೆಗೆದು, ನಂಬರು ಹಾಕಿ, ಪುಸ್ತಕ ಮಾಡಿ ಎಲ್ಲ ಕುಟುಂಬಗಳಿಗೂ ತೋರಿಸುತ್ತಾರೆ. ಅಮೆರಿಕದ ಕಾನೂನಿನಂತೆ ವಾರಸುದಾರರು ಬಾರದ ಸಾಮಾನನ್ನು ಕನಿಷ್ಠ 18 ತಿಂಗಳು ಇಡಬೇಕು.

ಲಾಕರ್‌ಬಿಯಲ್ಲಿ ಊರಿನ ಹೆಂಗಸರು ತನಿಖೆಗೆ ಬೇಡವಾದ ಬಟ್ಟೆಗಳನ್ನೆಲ್ಲ ಕೇಳಿ ತೆಗೆದುಕೊಂಡರು. ಮಣ್ಣು, ಇಂಧನದ ವಾಸನೆ ಹೋಗುವವರೆಗೆ ಒಗೆದರು, ಇಸ್ತ್ರಿ ಹಾಕಿದರು, ಮಡಿಸಿ ಕಾಗದದಲ್ಲಿ ಸುತ್ತಿದರು. ಸಮುದ್ರದಾಚೆ ಪೊಟ್ಟಣ ಬಿಚ್ಚಿದ ತಾಯಿಗೆ ಸಿಕ್ಕದ್ದು ಅಚ್ಚುಕಟ್ಟಾಗಿ ಮಡಿಸಿದ ಶರ್ಟು. ಇಂಥ ಕೆಲಸ ಯಾವ ಇಲಾಖೆಯ ಪಟ್ಟಿಯಲ್ಲೂ ಇರುವುದಿಲ್ಲ, ಊರಿನವರೇ ಮಾಡಬೇಕು.

ಆದರೆ ಒಗೆಯುವ ಮೊದಲು ಕೇಳಲೇಬೇಕು. ಅವರ ಮೈವಾಸನೆ ಉಳಿದಿರಲಿ, ಹಾಗೇ ಕೊಡಿ ಎನ್ನುವವರಿದ್ದಾರೆ. ಒಮ್ಮೆ ಒಗೆದದ್ದನ್ನು ಹಿಂದಕ್ಕೆ ತರಲಾಗದು.

ಹಣ, ಬಟ್ಟೆ, ಸಾಮಾನು ಸಂಗ್ರಹಿಸಬಹುದೇ?

ಬಟ್ಟೆ, ಸಾಮಾನು ಬೇಡ. ವಿಂಗಡಿಸಲು ಜನ, ಇಡಲು ಕೋಣೆ ಬೇಕಾಗಿ ಅದೇ ಇನ್ನೊಂದು ಹೊರೆಯಾಗುತ್ತದೆ. ಹಣವಾದರೆ ಒಂದೇ ಬ್ಯಾಂಕ್ ಖಾತೆ, ಕನಿಷ್ಠ ಇಬ್ಬರ ಸಹಿ, ಹೊರಗಿನವರಿಂದ ಲೆಕ್ಕಪರಿಶೋಧನೆ. ಯಾರಿಗೆ ಎಷ್ಟು ಎಂಬ ನಿಯಮವನ್ನು ಮೊದಲ ರೂಪಾಯಿ ಬರುವ ಮುನ್ನವೇ ಬರೆದು ಪ್ರಕಟಿಸಿ. ನೆಲದ ಮೇಲೆ ಗಾಯಗೊಂಡವರು, ಮನೆ ಕಳೆದುಕೊಂಡ ಬಾಡಿಗೆದಾರರು, ಕೆಲಸ ಕಳೆದುಕೊಂಡ ದಿನಗೂಲಿಯವರು ಆ ನಿಯಮದಲ್ಲಿ ಇದ್ದಾರೆಯೇ ನೋಡಿ. ಜಗಳ ಬರುವುದು ಬಹುತೇಕ ಅಲ್ಲೇ.

ಪರಿಹಾರ ಯಾರಿಗೆ, ಹೇಗೆ?

ಅಂತರರಾಷ್ಟ್ರೀಯ ಪ್ರಯಾಣಿಕರಿಗೆ 1999ರ ಮಾಂಟ್ರಿಯಲ್ ಒಪ್ಪಂದ ಅನ್ವಯಿಸುತ್ತದೆ. ಸಾಬೀತಾದ ನಷ್ಟ ಪ್ರಯಾಣಿಕರೊಬ್ಬರಿಗೆ 1,51,880 ಎಸ್‌ಡಿಆರ್‌ವರೆಗೆ ಇದ್ದರೆ, ತಪ್ಪು ನಮ್ಮದಲ್ಲ ಎಂದು ಹೇಳಿ ವಿಮಾನ ಕಂಪನಿ ತಪ್ಪಿಸಿಕೊಳ್ಳುವಂತಿಲ್ಲ. 2024ರ ಡಿಸೆಂಬರ್ 28ರಿಂದ ಈ ಅಂಕಿ ಜಾರಿಯಲ್ಲಿದೆ. ಎಸ್‌ಡಿಆರ್ ಎಂದರೆ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಏಕಮಾನ. 1,51,880 ಎಂಬುದು ಪರಿಹಾರದ ಗರಿಷ್ಠ ಮಿತಿಯಲ್ಲ. ಅದನ್ನು ಮೀರಿದ ಮೊತ್ತಕ್ಕೆ ಮಾತ್ರ ಕಂಪನಿ ತನ್ನ ತಪ್ಪಿಲ್ಲವೆಂದು ವಾದಿಸಬಹುದು. ದಾವೆ ಹೂಡಲು 2 ವರ್ಷ ಮಾತ್ರ ಅವಕಾಶ. ತುರ್ತು ಖರ್ಚಿಗೆ ಕೊಡುವ ಮುಂಗಡವನ್ನು ತೆಗೆದುಕೊಂಡರೆ ಹಕ್ಕು ಹೋಗುವುದಿಲ್ಲ, ಆದರೆ ‘ಪೂರ್ಣ ಇತ್ಯರ್ಥ’ ಎಂದು ಬರೆದ ಕಾಗದಕ್ಕೆ ನಿಮ್ಮ ವಕೀಲರು ಓದದೆ ಸಹಿ ಹಾಕಬೇಡಿ.

ನೆಲದ ಮೇಲಿದ್ದವರಿಗೆ ಈ ಒಪ್ಪಂದ ಅನ್ವಯಿಸುವುದಿಲ್ಲ. ಅವರದು ಆಯಾ ದೇಶದ ಕಾನೂನಿನ ದಾರಿ. ಒಡೆದ ಗೋಡೆ, ಸುಟ್ಟ ಬೆಳೆ, ಸತ್ತ ದನ ಎಲ್ಲದರ ಫೋಟೊವನ್ನು ರಿಪೇರಿಗೆ ಮುಂಚೆ ತೆಗೆದಿಡಿ.

ಹೊಗೆ, ಮಣ್ಣು, ಬಾವಿನೀರು ಬಗ್ಗೆ ಭಯವಾಗುತ್ತಿದೆ.

ಭಯವನ್ನು ತಳ್ಳಿಹಾಕಬಾರದು. 1992ರ ಅಕ್ಟೋಬರ್ 4ರಂದು ಆಮ್‌ಸ್ಟರ್‌ಡ್ಯಾಮಿನ ಬೈಲ್ಮರ್ ಬಡಾವಣೆಯ ಮೇಲೆ ಎಲ್ ಆಲ್ ಸರಕು ವಿಮಾನ ಬಿದ್ದು 43 ಮಂದಿ ಸತ್ತರು. ವಿಮಾನದಲ್ಲಿ ಏನಿತ್ತು ಎಂಬ ಪೂರ್ತಿ ವಿವರ ಹೊರಬಾರದೆ, ನಿವಾಸಿಗಳ ಮತ್ತು ರಕ್ಷಣಾ ಕೆಲಸದವರ ಕಾಯಿಲೆಯ ದೂರುಗಳು ವರ್ಷಗಟ್ಟಲೆ ಬೆಳೆದು ಕೊನೆಗೆ ಸಂಸತ್ತಿನ ವಿಚಾರಣೆಯೇ ನಡೆಯಬೇಕಾಯಿತು. ದಾಖಲೆಯಿಲ್ಲದ ವಲಸಿಗರು ಅಲ್ಲಿ ಬಹಳ ಇದ್ದುದರಿಂದ ಎಷ್ಟು ಜನ ಸತ್ತರು ಎಂಬುದೇ ಮೊದಲ ದಿನಗಳಲ್ಲಿ ತಿಳಿಯಲಿಲ್ಲ.

ಆದ್ದರಿಂದ ಮೊದಲ ವಾರದಲ್ಲೇ ಮೂರು ಬೇಡಿಕೆ ಲಿಖಿತವಾಗಿ ಕೊಡಿ: ಸರಕಿನ ಪಟ್ಟಿ, ಮಣ್ಣು ಮತ್ತು ನೀರಿನ ಪರೀಕ್ಷೆಯ ಫಲಿತಾಂಶ, ಅಲ್ಲಿದ್ದವರೆಲ್ಲರ ಹೆಸರಿನ ಆರೋಗ್ಯ ದಾಖಲೆ. ಫಲಿತಾಂಶ ಬರುವವರೆಗೆ ಹತ್ತಿರದ ಬಾವಿಯ ನೀರು ಕುಡಿಯಬೇಡಿ. ಇಂಧನ ಮಣ್ಣಿನೊಳಗೆ ನಿಧಾನ ಇಳಿಯುತ್ತದೆ, ವಾಸನೆ ಬರುವುದು ತಡ. ಬೂದಿಯನ್ನು ಒಣಗುಡಿಸದೆ ನೀರು ಚಿಮುಕಿಸಿ ಒರೆಸಿ.

ಸಹಾಯ ಮಾಡಿದವರಿಗೇ ನಿದ್ದೆ ಬರುತ್ತಿಲ್ಲ, ಮಕ್ಕಳು ಬೆಚ್ಚಿಬೀಳುತ್ತಾರೆ.

ಮೊದಲ ನಾಲ್ಕು ವಾರ ಇದು ಸಹಜ, ಬಹಳ ಮಂದಿಗೆ ತಾನಾಗಿ ಇಳಿಯುತ್ತದೆ. ತಿಂಗಳು ಕಳೆದರೂ ಅದೇ ದೃಶ್ಯ ಮರುಕಳಿಸುತ್ತಿದ್ದರೆ, ಆ ದಾರಿಯಲ್ಲಿ ಹೋಗಲಾಗದಿದ್ದರೆ, ಕುಡಿತ ಹೆಚ್ಚಿದ್ದರೆ ಮನೋವೈದ್ಯರನ್ನು ನೋಡಿ. ಒಳ್ಳೆಯ ಚಿಕಿತ್ಸೆ ಇದೆ. ಶವ ಎತ್ತಿದವರು, ಬಟ್ಟೆ ಒಗೆದವರು, ಫೋನಿಗೆ ಉತ್ತರಿಸಿದವರು ಕೇಳುವುದಿಲ್ಲ, ಅವರ ಮನೆಗೆ ಹೋಗಿ ವಿಚಾರಿಸಬೇಕು. ಮಕ್ಕಳಿಗೆ ವೀಡಿಯೊ ಮತ್ತೆ ಮತ್ತೆ ತೋರಿಸಬೇಡಿ. ಸಣ್ಣ ಮಗು ಅದನ್ನು ಪ್ರತಿ ಸಲವೂ ಹೊಸ ಅಪಘಾತ ಎಂದುಕೊಳ್ಳುತ್ತದೆ. ಸತ್ತ ಸಹಪಾಠಿಯ ಬೆಂಚನ್ನು ರಾತ್ರೋರಾತ್ರಿ ತೆಗೆಯದೆ, ಏನು ಮಾಡೋಣ ಎಂದು ತರಗತಿಯನ್ನೇ ಕೇಳಿ.

ಕಾರಣ ಯಾವಾಗ ತಿಳಿಯುತ್ತದೆ?

ಪ್ರಾಥಮಿಕ ವರದಿ 30 ದಿನದೊಳಗೆ. ಅಹಮದಾಬಾದ್‌ನದು 2025ರ ಜುಲೈ 12ರಂದು ಬಂತು. ಅದರಲ್ಲಿ ನಡೆದದ್ದಿರುತ್ತದೆ, ತೀರ್ಮಾನ ಇರುವುದಿಲ್ಲ. ಅಂತಿಮ ವರದಿಗೆ 12 ತಿಂಗಳ ಗುರಿ. ಆಗದಿದ್ದರೆ ಪ್ರತಿ ವರ್ಷದ ಅದೇ ದಿನ ಎಲ್ಲಿಗೆ ಬಂದಿದೆ ಎಂದು ತಿಳಿಸಬೇಕು. ಆ ತನಿಖೆಯ ಗುರಿ ಮುಂದಿನ ಅಪಘಾತ ತಪ್ಪಿಸುವುದು, ಶಿಕ್ಷೆಯ ದಾರಿ ಬೇರೆ. ಪೈಲಟ್‌ಗಳ ಮನೆಯವರೂ ಕಳೆದುಕೊಂಡವರೇ ಎಂಬುದು ನೆನಪಿರಲಿ.

ಜನ ಹೂವು, ಪತ್ರ, ಗೊಂಬೆ ತಂದಿಡುತ್ತಿದ್ದಾರೆ. ಸ್ಮಾರಕ ಯಾವಾಗ ಕಟ್ಟಬೇಕು?

ಹೇಳದೆ ಕೇಳದೆ ತೆರವು ಮಾಡಬೇಡಿ. ದಿನಾಂಕ ಪ್ರಕಟಿಸಿ, ಬಾಡಿದ ಹೂವನ್ನು ಗೊಬ್ಬರಕ್ಕೆ ಹಾಕಿ, ಪತ್ರ ಮತ್ತು ವಸ್ತುಗಳನ್ನು ಒಣಗಿಸಿ ಪೆಟ್ಟಿಗೆಯಲ್ಲಿಡಿ. ಪೆನ್ಸಿಲ್‌ನಲ್ಲಿ ದಿನಾಂಕ ಬರೆಯಿರಿ, ಶಾಯಿ ಹರಡುತ್ತದೆ. 2001ರ ಸೆಪ್ಟೆಂಬರ್ 11ರಂದು ಯುನೈಟೆಡ್ 93 ಬಿದ್ದ ಅಮೆರಿಕದ ಶ್ಯಾಂಕ್ಸ್‌ವಿಲ್ ಬಳಿ ಜನ ಬೇಲಿಗೆ ಕಟ್ಟಿದ್ದನ್ನೆಲ್ಲ ಹೀಗೇ ಜೋಪಾನ ಮಾಡಿದರು. ಅಕ್ಕಪಕ್ಕದವರೇ ಸರದಿಯಲ್ಲಿ ನಿಂತು ಬಂದವರಿಗೆ ದಾರಿ ತೋರಿಸಿದರು. ಶಾಶ್ವತ ಸ್ಮಾರಕ ಅರ್ಪಣೆಯಾದದ್ದು 2011ರಲ್ಲಿ. ಹತ್ತು ವರ್ಷ ತಡವಲ್ಲ. ಮೊದಲ ವರ್ಷದಲ್ಲೇ ಕಟ್ಟಿದ ಕಲ್ಲಿನಲ್ಲಿ ಹೆಸರು ತಪ್ಪಾಗಿ, ಯಾರನ್ನೋ ಬಿಟ್ಟು, ಮತ್ತೆ ಕೆತ್ತಬೇಕಾಗುತ್ತದೆ. ಪ್ರತಿ ಹೆಸರಿನ ಅಕ್ಷರವನ್ನೂ ಆಯಾ ಮನೆಯವರ ಕೈಯಲ್ಲೇ ಬರೆಸಿಕೊಳ್ಳಿ. ನೆಲದ ಮೇಲೆ ಸತ್ತವರನ್ನೂ ಸೇರಿಸಿ.

ಗುರುತು ಸಿಗದ ಅವಶೇಷಗಳು ಉಳಿದಿದ್ದರೆ ಅವುಗಳ ಜಾಗ ಕುಟುಂಬಗಳೆಲ್ಲ ಕೂತು ನಿಶ್ಚಯಿಸಬೇಕು. 2015ರ ಮಾರ್ಚ್ 24ರ ಜರ್ಮನ್‌ವಿಂಗ್ಸ್ ದುರಂತದಲ್ಲಿ ಫ್ರಾನ್ಸಿನ ಬೆಟ್ಟದ ಪುಟ್ಟ ಊರು ಲೆ ವೆರ್ನೆ ತನ್ನ ಸ್ಮಶಾನದಲ್ಲೇ ಅವುಗಳಿಗೆ ಜಾಗ ಕೊಟ್ಟಿತು. ಸ್ಮಾರಕ ಕಲ್ಲೇ ಆಗಬೇಕೆಂದೂ ಇಲ್ಲ. ಪ್ಯಾನ್ ಆ್ಯಮ್ ವಿಮಾನದಲ್ಲಿ ಸಿರಾಕ್ಯೂಸ್ ವಿಶ್ವವಿದ್ಯಾಲಯದ 35 ವಿದ್ಯಾರ್ಥಿಗಳಿದ್ದರು. ಲಾಕರ್‌ಬಿಯ ಇಬ್ಬರು ಯುವಕ ಯುವತಿಯರು ವರ್ಷಕ್ಕೊಮ್ಮೆ ವಿದ್ಯಾರ್ಥಿವೇತನದ ಮೇಲೆ ಅಲ್ಲಿಗೆ ಓದಲು ಹೋಗುತ್ತಾರೆ. ಕೋಯಿಕ್ಕೋಡ್‌ನಲ್ಲಿ ಬದುಕುಳಿದವರೂ ಕುಟುಂಬದವರೂ ತಮ್ಮನ್ನು ಎತ್ತಿದ ಊರಿನ ಆರೋಗ್ಯ ಕೇಂದ್ರಕ್ಕೆ ಕಟ್ಟಡ ಕಟ್ಟಿಸಲು ಹಣ ಕೂಡಿಸಿದರು.

ನಮ್ಮೂರು ವಿಮಾನ ನಿಲ್ದಾಣದ ಪಕ್ಕದಲ್ಲಿದೆ. ಮೊದಲೇ ಏನು ಸಿದ್ಧ ಮಾಡಿಕೊಳ್ಳಬಹುದು?

ನಿಲ್ದಾಣ ಎರಡು ವರ್ಷಕ್ಕೊಮ್ಮೆಯಾದರೂ ಪೂರ್ಣ ಪ್ರಮಾಣದ ಅಣಕು ಕಾರ್ಯಾಚರಣೆ ಮಾಡಬೇಕು. ಅದರಲ್ಲಿ ಬೇಲಿಯ ಹೊರಗಿನ ಊರನ್ನೂ ಸೇರಿಸಿ ಎಂದು ಪತ್ರ ಬರೆಯಿರಿ. ಅಮೆರಿಕದ ಸೂ ಸಿಟಿಯಲ್ಲಿ 1987ರಲ್ಲಿ ಇಂಥ ಅಭ್ಯಾಸ ನಡೆದಿತ್ತು. 1989ರ ಜುಲೈ 19ರಂದು ಯುನೈಟೆಡ್ 232 ಅಲ್ಲೇ ಅಪ್ಪಳಿಸಿದಾಗ 296 ಮಂದಿಯಲ್ಲಿ 184 ಮಂದಿ ಉಳಿದರು. ಅದಕ್ಕೆ ಪೈಲಟ್‌ಗಳ ಚಾಕಚಕ್ಯತೆಯ ಜೊತೆ ಆ ಅಭ್ಯಾಸವೂ, ಆಸ್ಪತ್ರೆಗಳಲ್ಲಿ ಪಾಳಿ ಬದಲಾಗುವ ಹೊತ್ತಾಗಿದ್ದುದೂ ಕಾರಣ.

ಊರಿನ ಕೆಲಸ ಇಷ್ಟು: ಯಾವ ರಸ್ತೆ ಎಷ್ಟು ಅಗಲ, ಯಾವ ಸೇತುವೆ ಎಷ್ಟು ತೂಕ ತಾಳುತ್ತದೆ, ನೀರು ಎಲ್ಲಿ ಸಿಗುತ್ತದೆ ಎಂಬ ಒಂದು ನಕ್ಷೆ. ಗೇಟುಗಳ ಕೀಲಿ ಇರುವವರ ಹೆಸರು, ಫೋನ್ ನಂಬರು. ಜೆಸಿಬಿ, ಕ್ರೇನ್, ಜನರೇಟರ್ ಇರುವವರ ಪಟ್ಟಿ. ನರ್ಸು, ಡಾಕ್ಟರು, ಬೇರೆ ಭಾಷೆ ಬಲ್ಲವರ ಪಟ್ಟಿ. ಒಂದು ಸಭಾಂಗಣ. ಒಂದು ಪೆಟ್ಟಿಗೆಯಲ್ಲಿ ಹತ್ತು ನೋಟ್‌ಬುಕ್, ಪೆನ್ಸಿಲ್, ಟಾರ್ಚು, ಗ್ಲೌಸ್, ಎನ್95 ಮಾಸ್ಕ್, ಕಾಗದದ ಲಕೋಟೆ. ಪಟ್ಟಿಯನ್ನು ಆರು ತಿಂಗಳಿಗೊಮ್ಮೆ ಫೋನ್ ಮಾಡಿ ತಿದ್ದಿ. ನಂಬರು ಬದಲಾಗಿರುತ್ತದೆ, ಕೀಲಿ ಬೇರೆಯವರ ಕೈಗೆ ಹೋಗಿರುತ್ತದೆ.